ಹೈಸ್ಕೂಲಿನ ಅರಿಸಿನದ ಪಾತಿ

ಇವತ್ತು ಬೆಳಗ್ಗೆ ಅರಿಸಿನದ ಸಾಲುಗಳ ನಡುವೆ ಸಣ್ಣ ಈರುಳ್ಳಿ ಕೀಳುತ್ತಿದ್ದೆ. ಬೆರಳಿಗೆ ಹತ್ತಿದ ಘಾಟು ಮೂಗಿಗೆ ಬಡಿದದ್ದೇ ತಡ, ಹೈಸ್ಕೂಲಿನ ಕೃಷಿ ಪಾಠ ನೆನಪಾಗಿ ಮೈಯೆಲ್ಲ ಉರಿಯಿತು.

ಕೃಷಿ ಮೇಷ್ಟ್ರು ಇಸ್ತ್ರಿ ಪ್ಯಾಂಟಿಗೆ ಮಣ್ಣು ತಾಗದಂತೆ ಜಗಲಿಯ ಮೇಲೆ ನಿಂತೇ ಪಾಠ ಮಾಡುತ್ತಿದ್ದರು. ನಮಗೆ ಒಂದೊಂದು ಪಾತಿ ಕೊಟ್ಟು ಅರಿಸಿನ ಹಾಕಿಸಿದರು. ಅವ್ವ ಬಸ್ಸಿನಲ್ಲಿ ತೆರಕಣಾಂಬಿ ಸಂತೆಗೆ ಹೋಗಿ ನನಗೆ ಬಿತ್ತನೆ ಈರುಳ್ಳಿ ತಂದುಕೊಟ್ಟಳು.

“ಅರಿಸಿನದ ಎಲೆ ಅಗಲ ಆಗೋ ಒತ್ಗೆ ಈರುಳ್ಳಿ ಕೈಗ್ ಬಂದ್ಬುಡ್ತದೆ ಕಣಮ್ಮಿ. ಅಲ್ಲೀಗಂಟ ನೆಲ ಯಾಕ್ ಸುಮ್ನೆ ಬುಡಾದು?”

ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ.

ಪಾತಿಯಲ್ಲಿ ಅರಿಸಿನದ ನಡುವೆ ನೆಟ್ಟ ಈರುಳ್ಳಿ ಗೇಣುದ್ದ ಬೆಳೆದಿತ್ತು. ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಮೇಷ್ಟ್ರು ನನ್ನ ಪಾತಿಯ ಮುಂದೆ ನಿಂತರು.

“ಅರಿಸಿನ ಹಾಕು ಅಂದ್ರೆ ಇದೇನೇ ಕಳೆ? ಪುಸ್ತಕದಲ್ಲಿ ಎಲ್ಲಿದೆ ಇದು? ಕೀಳು.”

“ಕಳೆ ಅಲ್ಲ ಸಾ, ಈರುಳ್ಳಿ. ನಮ್ಮವ್ವ ಏಳ್ಕೊಟ್ಟದ್ದು.”

“ನಿಮ್ಮವ್ವ ಯಾವ ಕಾಲೇಜಲ್ಲಿ ಓದಿದ್ದಾಳೆ?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಕ್ಕವರ ಹೊಲದಲ್ಲೂ ಅದೇ ಈರುಳ್ಳಿ ಇತ್ತು. ಇನ್ನೂ ಗೆಡ್ಡೆ ಕಟ್ಟದ ಈರುಳ್ಳಿಯನ್ನು ನನ್ನ ಕೈಯಿಂದಲೇ ಕೀಳಿಸಿದರು. ಸಂಜೆ ಅವ್ವ ನನ್ನ ಕೈ ಮೂಸಿ ನೋಡಿದಳು.

ಇವತ್ತು ತಲೆ ಎತ್ತಿದರೆ ಬದುವಿನ ಮೇಲೆ ಅದೇ ಮೇಷ್ಟ್ರು. ರಿಟೈರಾಗಿ ವಾಕಿಂಗ್ ಹೊರಟಿದ್ದರು. ಪ್ಯಾಂಟು ಈಗಲೂ ಇಸ್ತ್ರಿಯದೇ. ನನ್ನ ಗುರುತು ಹತ್ತಲಿಲ್ಲ.

“ಈರುಳ್ಳಿ ಚೆನ್ನಾಗಿ ಬಂದಿದೆಯಲ್ಲಮ್ಮ. ಮನೆಗೆ ಒಂದು ಕಟ್ಟು ಕೊಡ್ತೀಯಾ?”

“ಈರುಳ್ಳಿ ಅಲ್ಲ ಸಾ,” ಎಂದೆ. “ಕಳೆ.”