ಬಷೀರ್ ಸಾಹೇಬರ ಮಿಂಚುಳ್ಳಿ

ಮೊನ್ನೆ ಸೊಸೆಯ ಕೈಜಾರಿ ವಿನಿಗರ್ ಬಾಟಲಿ ಬಿದ್ದು ಒಡೆಯಿತು. ಅವಳು ನೆಲ ಒರೆಸುತ್ತಿದ್ದರೆ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಆ ಹುಳಿ ವಾಸನೆ ನನ್ನ ಪಾಲಿಗೆ ಅಡುಗೆಯದಲ್ಲ, ಯಲಹಂಕದ ನಮ್ಮ ಹಳೇ ಮನೆಯ ಬಚ್ಚಲಿನದು. ಭಾನುವಾರ ಸಂಜೆಯಾದರೆ ಅಪ್ಪ ಬಚ್ಚಲಿನ ಗವಾಕ್ಷಿಗೆ ಕರಿಕಂಬಳಿ ಹೊದಿಸಿ, ದೀಪಕ್ಕೆ ಕೆಂಪು ಕಾಗದ ಕಟ್ಟಿ, ಹಂಡೆಯ ಪಕ್ಕ ಮಣೆ ಹಾಕಿಕೊಂಡು ಫೋಟೋ ತೊಳೆಯಲು ಕೂರುತ್ತಿದ್ದರು. ಒಳಗಿನಿಂದ ಫೋಟೋ ತೊಳೆಯುವ ದ್ರಾವಣದ ಆ ಹುಳಿ ವಾಸನೆ, ಅದರ ಜೊತೆಗೆ ಇಬ್ಬರು ಗಂಡಸರ ಪಿಸುಮಾತು. ನಾನು ಹೊರಗೆ ಬಾಗಿಲ ಸಂದಿಗೆ ಮೂಗು ಒತ್ತಿಕೊಂಡು ಕೂತಿರುತ್ತಿದ್ದೆ. "ಬಾಗಿಲು ತೆಗೆದ್ರೆ ಎಲ್ಲಾ ಹಾಳಾಗುತ್ತೆ ಕಣಮ್ಮ, ಆಚೆ ಆಟ ಆಡ್ಕೊ ಹೋಗು" ಅನ್ನುತ್ತಿದ್ದರು ಅಪ್ಪ. ಒಳಗೆ ಎರಡನೇ ಮಣೆಯಲ್ಲಿ ಬಷೀರ್ ಸಾಹೇಬರು ಕೂತಿರುತ್ತಿದ್ದರು. ಪ್ರಪಂಚದಲ್ಲಿ ನಾನು ಮೊದಲು ಹೊಟ್ಟೆಕಿಚ್ಚು ಪಟ್ಟಿದ್ದು ಅವರ ಮೇಲೆಯೇ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಬಷೀರ್ ಸಾಹೇಬರು ಯಶವಂತಪುರದ ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು, ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಇಬ್ಬರಿಗೂ ಒಂದೇ ಹುಚ್ಚು. ಭಾನುವಾರ ಬೆಳಗಾದರೆ ಸೈಕಲ್ ಹತ್ತಿ ಹೆಬ್ಬಾಳದ ಕೆರೆಗೋ, ಅಟ್ಟೂರಿನ ಕಡೆಯ ಹೊಲಗಳಿಗೋ ಹೋಗಿ ಗೀಜಗನ ಗೂಡು, ಲಕ್ಕಿಗಿಡದ ಹೂ, ಬೇಲಿಯ ಮೇಲಿನ ಓತಿಕೇತ, ಸಿಕ್ಕಿದ್ದನ್ನೆಲ್ಲ ಫೋಟೋ ಹಿಡಿಯುವುದು. ವಾರದಲ್ಲಿ ಆರು ದಿನ ಅಪ್ಪ ಸ್ಕೂಲಿನ ಮಕ್ಕಳಿಗೆ, ಏಳನೇ ದಿನ ಬಷೀರ್ ಸಾಹೇಬರಿಗೆ. ಅವರು ಜೇಬಿನಲ್ಲಿ ನನಗೆಂದು ಖರ್ಜೂರ ತರುತ್ತಿದ್ದರು. ತಿನ್ನುತ್ತಿದ್ದೆ, ಆದರೆ ನಗುತ್ತಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಹಡಗಿನ ಕೆಲಸದಲ್ಲಿದ್ದ ಬಷೀರ್ ಸಾಹೇಬರ ಭಾವಮೈದ ಅವರಿಗೆ ಉದ್ದನೆಯ ಲೆನ್ಸಿನ ಹೊಸ ಕ್ಯಾಮೆರಾ ತಂದುಕೊಟ್ಟ. ಅಪ್ಪನ ಹತ್ತಿರ ಇದ್ದದ್ದು ಮಡಚುವ ಹಳೇ ಕ್ಯಾಮೆರಾ, ಹಕ್ಕಿ ಬೆದರಿ ಹಾರುವಷ್ಟು ಹತ್ತಿರ ಹೋದರೂ ಫೋಟೋದಲ್ಲಿ ಚುಕ್ಕಿಯಷ್ಟೇ ಬೀಳುತ್ತಿತ್ತು. ಅಪ್ಪ ಎಷ್ಟೋ ವರ್ಷದಿಂದ ಕಪ್ಪುಬಿಳಿ ಮಿಂಚುಳ್ಳಿಯ ಹಿಂದೆ ಬಿದ್ದಿದ್ದರು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು, ಕಲ್ಲು ಬಿದ್ದ ಹಾಗೆ ಕೆರೆಗೆ ಬಿದ್ದು, ಮೀನು ಕಚ್ಚಿಕೊಂಡು ಏಳುವ ಹಕ್ಕಿ. ಹೊಸ ಕ್ಯಾಮೆರಾ ಬಂದ ತಿಂಗಳಲ್ಲೇ ಬಷೀರ್ ಸಾಹೇಬರು ಅದನ್ನು ಫೋಟೋದಲ್ಲಿ ಹಿಡಿದರು. ರೆಕ್ಕೆಯ ಒಂದೊಂದು ಗರಿಯನ್ನೂ ಎಣಿಸುವಂತಿತ್ತು.

ಅಪ್ಪ ಆ ಫೋಟೋವನ್ನು ಜಗಲಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಚೆನ್ನಾಗಿ ಬಂದಿದೆ" ಎಂದರು, ಅಷ್ಟೇ. ಮಾರನೇ ಭಾನುವಾರ ಬಷೀರ್ ಸಾಹೇಬರು ಬರುವ ಮುಂಚೆಯೇ ಒಬ್ಬರೇ ಹೊರಟುಹೋದರು. ಅದರ ಮುಂದಿನ ವಾರವೂ ಹಾಗೆಯೇ. ಕೆರೆಯಲ್ಲಿ ಎದೆಮಟ್ಟ ನೀರಿಗಿಳಿದು, ಜೊಂಡು ತಲೆಗೆ ಸುತ್ತಿಕೊಂಡು, ಹಕ್ಕಿ ಬಂದು ಕೂರುವ ಗೂಟದ ಪಕ್ಕ ನಿಂತೇ ಇರುತ್ತಿದ್ದರಂತೆ. ಜ್ವರ ಬಂತು. ಅಮ್ಮ ಕಷಾಯದ ಲೋಟ ಕುಕ್ಕಿ, "ಏನ್ರೀ, ಅವರೇನು ನಿಮ್ಮ ಮನೆ ಹಕ್ಕೀನ ಕದ್ರಾ?" ಎಂದಳು. ನಾನು ಮಾತ್ರ ಅಪ್ಪನ ಪಕ್ಷ. ನನ್ನ ಕಿಚ್ಚಿಗೆ ಕೊನೆಗೂ ಒಬ್ಬ ಜೊತೆಗಾರ ಸಿಕ್ಕಿದ್ದ.

ಜ್ವರದ ಸುದ್ದಿ ಕೇಳಿ ಬಷೀರ್ ಸಾಹೇಬರು ಬಂದರು. ಕ್ಯಾಮೆರಾವನ್ನು ಅಪ್ಪನ ಹಾಸಿಗೆಯ ಮೇಲಿಟ್ಟು, "ಮೇಷ್ಟ್ರೇ, ಇದನ್ನ ಇಟ್ಕೊಳ್ಳಿ. ನಿಮಗೆ ಬೇಕಾದ್ದು ತೆಗೀರಿ, ಆಮೇಲೆ ಕೊಡಿ" ಎಂದರು.

"ಬೇಡ. ಇದ್ರಲ್ಲಿ ತೆಗೆದ್ರೆ ಅದೂ ನಿಮ್ಮ ಫೋಟೋನೇ ಆಗುತ್ತೆ."

ಅವರ ಮುಖ ಸಣ್ಣದಾಯಿತು. "ನಾನೇನ್ ತಪ್ಪು ಮಾಡ್ದೆ, ಹೇಳಿ?"

"ನೀವೇನೂ ಮಾಡಿಲ್ಲ ಬಷೀರ್ ಸಾಹೇಬ್ರೇ. ನನಗೇ ತಡ್ಕೊಳ್ಳೋಕಾಗ್ತಿಲ್ಲ."

ಅವರು ಕ್ಯಾಮೆರಾ ಎತ್ತಿಕೊಂಡು ಹೊರಟರು. ಆಮೇಲೆ ಬಚ್ಚಲಲ್ಲಿ ಪಿಸುಮಾತು ನಿಂತುಹೋಯಿತು. ಅಮ್ಮನೂ ಅವರ ಹೆಂಡತಿ ಮುಮ್ತಾಜ್ ಚಿಕ್ಕಮ್ಮನೂ ಮಾತ್ರ ಏನೂ ಆಗಿಲ್ಲವೆಂಬಂತೆ ಹಿತ್ತಿಲ ಗೋಡೆಯ ಮೇಲಿಂದ ಹೋಳಿಗೆ, ಶ್ಯಾವಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಷೀರ್ ಸಾಹೇಬರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೇಳಿಹೋಗಲು ಬಂದಾಗ ಇಬ್ಬರೂ ಅಂಗಳದಲ್ಲಿ ನಿಂತು ಮಳೆಯ ವಿಷಯ ಮಾತಾಡಿದರು.

ಆ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಅಪ್ಪ ಹಳೇ ಕ್ಯಾಮೆರಾ ಹಿಡಿದು ಕೆರೆಯಿಂದ ಬಂದವರೇ ನನ್ನನ್ನು ಬಚ್ಚಲಿಗೆ ಕರೆದರು. ನಾನು ಓಡಿಹೋಗಿ ಎರಡನೇ ಮಣೆಯ ಮೇಲೆ ಕೂತೆ. ಕೆಂಪು ಬೆಳಕಿನಲ್ಲಿ, ತಟ್ಟೆಯ ನೀರೊಳಗಿನ ಬಿಳೀ ಕಾಗದದ ಮೇಲೆ ಮೊದಲು ಗೂಟ ಮೂಡಿತು, ಆಮೇಲೆ ಹಕ್ಕಿ, ಆಮೇಲೆ ಅದರ ಕೊಕ್ಕಿನಲ್ಲಿ ಅಡ್ಡವಾಗಿ ಮೀನು, ಮೀನಿನ ಬಾಲದಿಂದ ತೊಟ್ಟಿಕ್ಕುವ ಹನಿ. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ನನ್ನ ಕಡೆ ತಿರುಗಲಿಲ್ಲ. ಒದ್ದೆ ಕಾಗದವನ್ನೇ ನೋಡುತ್ತಾ, "ಹುಬ್ಬಳ್ಳಿಗೆ ರೈಲು ಎಷ್ಟು ಹೊತ್ತಿಗಿದೆಯೋ" ಎಂದರು.

ಹೋಗಿಯೇ ಬಂದರು. ಚೀಲ ಕೆಳಗಿಡುವ ಮುಂಚೆಯೇ ಅಮ್ಮನಿಗೆ, "ಉರ್ಕೊಂಡ್ರು ಕಣೇ! ಎರಡು ಸಲ ಕನ್ನಡಕ ಒರೆಸ್ಕೊಂಡು ನೋಡಿದ್ರು. ಆಮೇಲೆ ರಾತ್ರಿಯೆಲ್ಲ ನನ್ನ ಜೊತೆ ಮಾತೇ ಆಡ್ಲಿಲ್ಲ!" ಎಂದರು. ಅಪ್ಪ ಅಷ್ಟು ಸಂತೋಷವಾಗಿದ್ದನ್ನು ನಾನು ಇನ್ನೊಮ್ಮೆ ನೋಡಲಿಲ್ಲ. ಮುಂದೆ ವರ್ಷಕ್ಕೆರಡು ಸಲ ಅವರು ಬರುವುದು, ಇವರು ಹೋಗುವುದು, ಫೋಟೋ ಹರಡಿಕೊಂಡು ಜಗಳವಾಡುವುದು ನಡೆದೇ ಇತ್ತು. ನಾನು ಕಾಲೇಜು ಸೇರಿದ ವರ್ಷ ಹುಬ್ಬಳ್ಳಿಯಿಂದ ಬಂದ ರೈಲ್ವೆಯವರೊಬ್ಬರು, ಬಷೀರ್ ಸಾಹೇಬರು ಆಫೀಸಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು ಎಂದು ಹೇಳಿದರು.

ಈಗ ಆ ಮನೆಯಿಲ್ಲ, ಬಚ್ಚಲಿದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಅಪ್ಪ, ಅಮ್ಮ, ಮುಮ್ತಾಜ್ ಚಿಕ್ಕಮ್ಮ ಯಾರೂ ಇಲ್ಲ. ನಿಮ್ಮಲ್ಲೂ ಇಂಥ ಮನೆ ಕಳೆದುಕೊಂಡವರಿದ್ದೀರಿ, ಹೆಚ್ಚು ಹೇಳಬೇಕಿಲ್ಲ. ಆದರೆ ಒಂದು ಬೆಳಗು ಮಾತ್ರ ನನ್ನನ್ನು ಬಿಟ್ಟಿಲ್ಲ. ಬಷೀರ್ ಸಾಹೇಬರು ತೀರಿಕೊಂಡ ಮೇಲೆ ಅಪ್ಪ ಕೆರೆಗೆ ಹೋಗುವುದನ್ನು ಬಿಡಲಿಲ್ಲ, ಕ್ಯಾಮೆರಾ ಒಯ್ಯುವುದನ್ನು ಬಿಟ್ಟರು. ಆ ದಿನ ನಾನೂ ಜೊತೆಗೆ ಹೋಗಿದ್ದೆ. ಏರಿಯ ಮೇಲೆ ಕೂತಿದ್ದಾಗ, "ಯಾಕಪ್ಪಾ, ಈಗ ಫೋಟೋ ತೆಗೆಯೋದೇ ಇಲ್ಲ?" ಎಂದು ಕೇಳಿದೆ.

"ತೆಗೆದು ಯಾರಿಗೆ ತೋರಿಸ್ಲಮ್ಮ?" ಎಂದರು ಅಪ್ಪ.

ನಾನು ಅವರ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕೂತಿದ್ದೆ.