ದೇವಪುತ್ರಪ್ಪ ಮಾಸ್ತರರ ಶನಿವಾರದ ಕೂಟ

ಇಸ್ತ್ರಿ ಅಂಗಡಿಯ ಮುಂದೆ ಹಾಯುವಾಗ ಗಂಜಿ ಹಾಕಿದ ಬಟ್ಟೆಯ ಬಿಸಿ ವಾಸನೆ ಬಂದರೆ ಇವತ್ತಿಗೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ದೇವಪುತ್ರಪ್ಪ ಮಾಸ್ತರರ ಬಿಳಿ ಅಂಗಿಗೆ ಅದೇ ವಾಸನೆಯಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ನಮ್ಮ ಸಣ್ಣ ಚರ್ಚಿನಲ್ಲಿ ಶನಿವಾರ ಸಂಜೆ ಯೌವನಸ್ಥರ ಕೂಟ. ಮಾಸ್ತರರು ವಾರವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ ಶನಿವಾರ ನಮಗೆ ಪರಿಶುದ್ಧ ಜೀವನ ಕಲಿಸುತ್ತಿದ್ದರು. ಎರಡರಲ್ಲೂ ಸರಿಯುತ್ತರ ಒಂದೇ ಎಂದು ಅವರ ನಂಬಿಕೆ.

ಅವರು ಮದುವೆಯಾಗಿರಲಿಲ್ಲ. "ಈ ದೇಹ ದೇವರ ಮನಿ ಐತಿ. ಮನಿ ಕಸ ಹೊಡದ ಇಟ್ಕೊಳ್ರಿ," ಅನ್ನುತ್ತಿದ್ದರು. ಸಿನಿಮಾ ಕೂಡದು. ಹುಡುಗ ಹುಡುಗಿ ಮಾತಾಡಿದರೆ ಜೊತೆಗೆ ಮೂರನೆಯವರೊಬ್ಬರು ಇರಬೇಕು. ಕೆಟ್ಟ ಯೋಚನೆ ಬಂದರೆ ಎದ್ದು ಕೆಲಸ ಹಿಡಿಯಬೇಕು. ಇದನ್ನೆಲ್ಲ ನನ್ನಷ್ಟು ನಿಷ್ಠೆಯಿಂದ ಪಾಲಿಸಿದ ಹುಡುಗಿ ಇನ್ನೊಬ್ಬಳು ಇರಲಿಕ್ಕಿಲ್ಲ. ಒಮ್ಮೆ ಖಡೇಬಜಾರಿನಲ್ಲಿ ಸಿನಿಮಾ ಪೋಸ್ಟರು ಕಣ್ಣಿಗೆ ಬೀಳದಿರಲೆಂದು ತಲೆ ತಗ್ಗಿಸಿ ನಡೆದು, ನಿಲ್ಲಿಸಿದ್ದ ಸೈಕಲ್ಲುಗಳ ಸಾಲನ್ನೇ ಕೆಡವಿದೆ. ಎತ್ತಲು ಓಡಿ ಬಂದವರೆಲ್ಲ ಹುಡುಗರು. ಅವರ ಮುಖ ನೋಡದೆ ಉಪಕಾರ ಹೇಳುವುದು ಹೇಗೆಂದು ಮಾಸ್ತರರು ಕಲಿಸಿರಲಿಲ್ಲ. ನೀವೂ ನಕ್ಕುಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ಬೇಸಿಗೆಯಲ್ಲಿ ಮಾಸ್ತರರು ನಮ್ಮನ್ನು ಖಾನಾಪುರಕ್ಕೆ ಶಿಬಿರಕ್ಕೆಂದು ಕರೆದೊಯ್ದರು. ಮಧ್ಯಾಹ್ನ ಊಟವಾದ ಮೇಲೆ ಹುಡುಕಿದರೆ ವಿಮಲಾ ಇಲ್ಲ, ಸಮುವೇಲ ಇಲ್ಲ. ಅವಳು ನರ್ಸಿಂಗ್ ಕಲಿಯಲು ಖಾನಾಪುರದ ಹತ್ತಿರದ ಬೀಡಿ ಎಂಬ ಹಳ್ಳಿಯಿಂದ ಬೆಳಗಾವಿಗೆ ಬಂದವಳು. ಅವನು ಫೌಂಡ್ರಿಯಲ್ಲಿ ಕೆಲಸಕ್ಕಿದ್ದವನು, ಮಾತು ಕಡಿಮೆ. ಮಲಪ್ರಭೆಯ ದಂಡೆಗೆ ಹೋದರೆ ಇಬ್ಬರೂ ಒಂದೇ ಬಂಡೆಯ ಮೇಲೆ ಕುಳಿತು ನೀರಲ್ಲಿ ಕಾಲು ಬಿಟ್ಟಿದ್ದರು. ಇವತ್ತು ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡೆ.

ಮಾಸ್ತರರು ಕೂಗಾಡಲಿಲ್ಲ. "ಈಕೀ ಅಪ್ಪನ ಮುಂದ ಹಿಂಗ ಬಾಜುಕ ಕುಂದರ್ತಿಯೇನು?" ಎಂದು ಸಮುವೇಲನನ್ನು ಕೇಳಿದರು.

ಅವನು ಎದ್ದು ನಿಂತ. "ಕುಂದರ್ತೀನ್ರಿ. ಲಗ್ನಾ ಆಗೂದೈತ್ರಿ ನಾವು."

"ಹಂಗಾದ್ರ ನಡೀರಿ, ಈಗ ಹೋಗೂಣು." ನನ್ನ ಕಡೆ ತಿರುಗಿ, "ನೀನೂ ಬಾರವಾ. ಆಕಿ ಒಬ್ಬಾಕಿ ಆಗಬಾರದು," ಎಂದರು. ಮೂರನೆಯವರ ನಿಯಮ ಅಲ್ಲೂ ತಪ್ಪಲಿಲ್ಲ. ಬೀಡಿಯ ಬಸ್ಸಿನಲ್ಲಿ ಗಂಡಸರು ಮುಂದೆ, ನಾವಿಬ್ಬರು ಹಿಂದೆ. ವಿಮಲಾ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಅವಳ ಅಪ್ಪ ಯೋಹಾನಪ್ಪ ಹಿತ್ತಲಲ್ಲಿ ಬಣವೆ ಒಟ್ಟುತ್ತಿದ್ದರು. ಅಲ್ಲಿನ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. "ಬರ್ರಿ ಮಾಸ್ತರ, ಕುಂದರ್ರಿ," ಎಂದು ಕಂಬಳಿ ಹಾಸಿದರು. ಮಾಸ್ತರರು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಹುಡುಗ ಒಳ್ಳೆಯವನು, ಕುಡಿಯುವವನಲ್ಲ, ಕದ್ದು ತಿರುಗುವುದು ಬೇಡವೆಂದು ತಾನೇ ಕರೆತಂದೆ, ಎಂದರು.

ಯೋಹಾನಪ್ಪ ಸಮುವೇಲನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾರ ಪೈಕಿ?"

"ನಮ್ಮ ಮುತ್ತ್ಯಾ ಚಪ್ಪಲಿ ಹೊಲೀತಿದ್ದರ್ರಿ."

ನಾವೆಲ್ಲ ಒಂದೇ ತಂದೆಯ ಮಕ್ಕಳೆಂದು ಭಾನುವಾರ ಗಂಟಲು ಬಿಚ್ಚಿ ಹಾಡುತ್ತಿದ್ದೆವು. ಮದುವೆಯ ಮಾತು ಬಂದ ಕೂಡಲೇ ಬಿಟ್ಟುಬಂದ ಜಾತಿ ಎದ್ದು ಬಂದು ಕಂಬಳಿಯ ಮೇಲೆ ಕೂರುತ್ತದೆಂದು ನನಗೆ ಗೊತ್ತಿರಲಿಲ್ಲ. ಯೋಹಾನಪ್ಪ ದನಿ ಏರಿಸಲೂ ಇಲ್ಲ. "ರಕ್ತ ಶುದ್ಧ ಇರಬೇಕಲ್ರಿ ಮಾಸ್ತರ. ನೀವ ಹೇಳ್ತೀರಿ, ಶುದ್ಧ ಇರ್ರಿ, ಶುದ್ಧ ಇರ್ರಿ ಅಂತ. ನಾನೂ ಅದನ್ನ ಹೇಳಾಕತ್ತೀನಿ."

ಮಾಸ್ತರರು ಉತ್ತರಕ್ಕೆ ತಡಕಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಾತಾಡಿದವಳು ವಿಮಲಾ. "ಅಪ್ಪಾ, ಇನ್ನ ಮ್ಯಾಲೆ ನಾನೂ ಇವರ ಪೈಕೀನ." ಯೋಹಾನಪ್ಪ ಒಳಗೆ ಹೋಗಿ ಕದ ಹಾಕಿಕೊಂಡರು.

ಮುಂದಿನ ಶನಿವಾರ ಕೂಟದಲ್ಲಿ ಮಾಸ್ತರರು ಹೇಳಿದರು: "ಕಣ್ಣು ಶುದ್ಧ ಇಟ್ಕೊಳ್ರಿ, ಮೈ ಶುದ್ಧ ಇಟ್ಕೊಳ್ರಿ ಅಂತ ನಿಮಗ ಹೇಳಿದ್ನಿ. ಅದು ಖರೇನ ಐತಿ. ಆದ್ರ ಇನ್ನೊಂದು ಹೇಳೂದ ಬಿಟ್ಟಿದ್ನಿ. ನಾ ಬಿಟ್ಟ ಜಾಗಾದಾಗ ಜಾತಿ ಬಂದು ಕುಂತೈತಿ." ಅವತ್ತಿನಿಂದ ಪ್ರತಿ ಶನಿವಾರ ಜಾತಿ ಬಿಡುವ ಪಾಠ. ನಮ್ಮ ಮನೆಗಳಲ್ಲಿ ಗುಸುಗುಸು ಎದ್ದಿತು. ಬೀಡಿಯಿಂದ ದೂರು ಬಂತು, ಹಿರಿಯರು ಸೇರಿದರು, ಮಳೆಗಾಲ ಮುಗಿಯುವ ಹೊತ್ತಿಗೆ ಕೂಟವನ್ನು ಬೇರೆಯವರ ಕೈಗೆ ಕೊಟ್ಟರು. ಮಾಸ್ತರರು ವಾದಿಸಲಿಲ್ಲ. ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು.

ವಿಮಲಾಳ ಓದು ಮುಗಿದ ಮೇಲೆ ಮದುವೆಯಾಯಿತು. ಅಪ್ಪ ಬರಲಿಲ್ಲ. ಹೆಣ್ಣನ್ನು ಒಪ್ಪಿಸಿಕೊಡುವವರು ಯಾರೆಂದು ಪಾದ್ರಿಗಳು ಕೇಳಿದಾಗ ಹಿಂದಿನ ಬೆಂಚಿನಿಂದ ಗಂಜಿಯಂಗಿ ಎದ್ದು ನಿಂತಿತು. "ನಾ ಕೊಡ್ತೀನ್ರಿ." ಮಕ್ಕಳಿಲ್ಲದ ಆ ಮನುಷ್ಯ ಅವಳ ಕೈಯನ್ನು ಸಮುವೇಲನ ಕೈಯಲ್ಲಿಡುವಾಗ ಇಡೀ ಚರ್ಚು ನೋಡುವಂತೆ ಅತ್ತರು. ಯೋಹಾನಪ್ಪ ಕೊನೆಯವರೆಗೂ ಮಗಳ ಮನೆಯ ಮೆಟ್ಟಿಲು ಹತ್ತಲಿಲ್ಲ. ಅದು ಹಾಗೆಯೇ ಉಳಿಯಿತು.

ಈಗ ಮಾಸ್ತರರಿಲ್ಲ. ವಯಸ್ಸಾದವಳೆಂದೋ ಏನೋ, ಯೌವನಸ್ಥರ ಕೂಟವನ್ನು ನನಗೆ ಒಪ್ಪಿಸಿದ್ದಾರೆ. ಹೋದ ವಾರ ಹುಡುಗಿಯೊಬ್ಬಳು ಎದ್ದು, "ಆಂಟಿ, ಶುದ್ಧ ಜೀವನ ಎಲ್ಲಿಂದ ಚಾಲೂ ಮಾಡಬೇಕ್ರಿ?" ಎಂದಳು. ಮೊಬೈಲು, ಸಿನಿಮಾ, ಹುಡುಗರು ಎಂದೇನಾದರೂ ಹೇಳುತ್ತೇನೆಂದು ಎಲ್ಲರೂ ಕಾಯುತ್ತಿದ್ದರು. ನಾನೂ ಅದನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ.

"ನಿಮ್ಮ ಮನ್ಯಾಗ ಯಾರಿಗರೆ ಬ್ಯಾರೆ ಲೋಟದಾಗ ಚಹಾ ಕೊಡ್ತೀರೇನವಾ?" ಎಂದು ಕೇಳಿದೆ.

"ಮನಿ ಕೆಲಸದಾಕಿಗೆ ಕೊಡ್ತೇವ್ರಿ."

"ಹಂಗಾದ್ರ ಅಲ್ಲಿಂದ ಚಾಲೂ ಮಾಡು."