ನೀಲವ್ವತ್ತಿಯ ನಡಿಗೆ

ಗೋಧಿ ಹಿಟ್ಟು ನಾದಿ, ಒದ್ದೆ ಬಟ್ಟೆ ಮುಚ್ಚಿಟ್ಟು, ತುಸು ಹೊತ್ತಿನ ಮೇಲೆ ತೆಗೆದರೆ ಒಂದು ಹಸಿ ವಾಸನೆ ಬರುತ್ತದಲ್ಲ, ಉಳಿದವರಿಗೆ ಅದು ಚಪಾತಿಯ ವಾಸನೆ ಇರಬಹುದು. ನನಗೆ ಮಾತ್ರ ಮದ್ದಳೆಯ ವಾಸನೆ. ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಸುಗ್ಗಿ ಮುಗಿದು ಜೋಳ ಹಗೇವು ಸೇರಿತೆಂದರೆ ಬಯಲಾಟದ ತಾಲೀಮು ಶುರುವಾಗುತ್ತಿತ್ತು. ಮದ್ದಳೆ ಬಾರಿಸುವ ಲಗಮಣ್ಣ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದು, ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಯವ್ವಾ, ಒಂದ ಉಂಡಿ ಕಣಕ ಕೊಡ್ರಿ" ಎಂದು ಕೈ ಒಡ್ಡುತ್ತಿದ್ದ. ಆ ಕಣಕವನ್ನು ಮದ್ದಳೆಯ ಎಡಮುಖಕ್ಕೆ ಮೆತ್ತುವುದು, ತಟ್ಟುವುದು, ಕಿವಿಗೊಟ್ಟು ಕೇಳುವುದು, ಮತ್ತೆ ಚಿಟಿಕೆ ಮೆತ್ತುವುದು. ಒಣ ತೊಗಲು ಹಿಟ್ಟು ತಿಂದು ಅದು ಹೇಗೆ ದನಿ ದಪ್ಪ ಮಾಡಿಕೊಳ್ಳುತ್ತದೆ ಎಂದು ನಾನು ಅವನ ಮಗ್ಗುಲಿಗೇ ಕೂತು ನೋಡುತ್ತಿದ್ದೆ. "ಊರ ಉಸಾಬರಿ ಎಲ್ಲಾ ಇಕಿಗೇ ಬೇಕು" ಎಂದು ಅವ್ವ ಒಳಗಿನಿಂದ ಬೈಯುತ್ತಿದ್ದಳು. ಹೌದು, ಬೇಕಿತ್ತು. ಆಗ ಉಸಾಬರಿ ಮಾಡದೇ ಇದ್ದಿದ್ದರೆ ಈಗ ನಿಮ್ಮ ಮುಂದೆ ಹೇಳಲು ನನ್ನ ಹತ್ತಿರ ಏನಿರುತ್ತಿತ್ತು ಹೇಳಿ.

ಅವು ಯುದ್ಧದ ವರ್ಷಗಳು. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ತಾಲೀಮು ಹಗಲಿಗೇ, ಮಧ್ಯಾಹ್ನದ ಊಟ ಆದ ಮೇಲೆ, ನಮ್ಮ ಪಡಸಾಲೆಯಲ್ಲಿ ನಡೆಯುತ್ತಿತ್ತು. ಕಲಿಸಲು ಘೋಡಗೇರಿಯಿಂದ ಮಾಸ್ತರರು ಬಂದು, ಆಟ ಮುಗಿಯುವತನಕ ನಮ್ಮಲ್ಲೇ ಉಳಿಯುತ್ತಿದ್ದರು. ಎಲೆ ಅಡಿಕೆ ತುಂಬಿದ ಬಾಯಿ, ಕೈಯಲ್ಲಿ ಯಾವಾಗಲೂ ಒಂದು ಹಳೇ ಛತ್ರಿ. ಮಳೆಯಿಲ್ಲದ ಕಾಲದಲ್ಲಿ ಛತ್ರಿ ಯಾಕೆಂದರೆ, ಅದರ ತುದಿಯಿಂದ ನೆಲ ಕುಟ್ಟಿ ತಾಳ ಹಾಕಲು. ಆ ವರ್ಷ ರಾಣಿಯ ಪಾತ್ರ ಸಿದ್ರಾಮನ ಪಾಲಿಗೆ ಬಂದಿತ್ತು. ಹೊಲಗೆಲಸದ ಹುಡುಗ; ಹಾಡಿದರೆ ನೀರು ಸೇದುವವರು ಹಗ್ಗ ಹಿಡಿದು ನಿಂತುಬಿಡಬೇಕು, ಅಂಥ ದನಿ. ಆದರೆ ಸೀರೆ ಉಟ್ಟು ಎರಡು ಹೆಜ್ಜೆ ಇಟ್ಟನೋ, ಎಲ್ಲ ಕೆಟ್ಟಿತು. "ದನಿ ರಾಣೀದು, ಕಾಲು ಹೊಲದಾಗ ರಂಟಿ ಹೊಡಿಯಾಂವಂದು" ಎಂದು ಮಾಸ್ತರರು ಹಣೆ ಚಚ್ಚಿಕೊಳ್ಳುತ್ತಿದ್ದರು. ನೆಲ ಸಪಾಟಿಲ್ಲ ಅಂತ ಅವನು ಗೊಣಗಿದರೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ. ಹೆಣ್ಣಮಕ್ಕಳು ಹೆಂಗ ನಡೀತಾರ, ನೋಡಿ ಕಲಿ" ಅಂದರು. ಅವನು ನೋಡಿದ. ನೋಡಿದ್ದು ನಮ್ಮ ನೀಲವ್ವತ್ತಿಯನ್ನು.

ನೀಲವ್ವತ್ತಿ ಅಪ್ಪನ ತಂಗಿ. ಸಣ್ಣಾಕೆಯಿದ್ದಾಗ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು, ಎಡಗಾಲಿನ ಪಾದದ ಗಂಟು ಮುರಿದು, ಸರಿಯಾಗಿ ಕೂಡಿರಲಿಲ್ಲ. ಎಡಗಾಲು ಊರಿ, ತುಸು ತಡೆದು, ಆಮೇಲೆ ಬಲಗಾಲು ಎತ್ತುತ್ತಿದ್ದಳು. ಹುಕ್ಕೇರಿ ಕಡೆ ಕೊಟ್ಟಿದ್ದರು. ಸಂತೆಗೆ ಇಕಿ ಜೋಡಿ ಹೋಗಾಕ ನಾಚಿಕಿ ಬರತೈತಿ ಅಂತ ಗಂಡನೆಂಬ ಆ ಪುಣ್ಯಾತ್ಮ ತವರಿಗೆ ಬಿಟ್ಟುಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಅತ್ತಿ ಗಂಡಸರಿದ್ದ ಕಡೆ ಕಾಲಿಟ್ಟವಳಲ್ಲ. ಪಡಸಾಲೆ ದಾಟುವ ಬದಲು ಹಿತ್ತಿಲಿನಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಹಿತ್ತಿಲ ಬಾವಿಯಿಂದ ಕೊಡ ಹೊತ್ತು ಬರುವಾಗ, ಅರ್ಧ ತೆರೆದ ಬಾಗಿಲಿನಿಂದ ಸಿದ್ರಾಮ ಅವಳನ್ನು ನೋಡಿರಬೇಕು. ಒಂದು ಮಧ್ಯಾಹ್ನ ಅವನು ಸೀರೆ ಉಟ್ಟು, ಎಡಗಾಲು ಊರಿ, ತಡೆದು, ಬಲಗಾಲು ಎತ್ತಿದ. "ರಾಣಿ ಯಾಕೋ ಕುಂಟಾಕತ್ತಾಳ?" ಎಂದರು ಮಾಸ್ತರರು. "ಕುಂಟಲ್ರಿ. ಲಗಮಣ್ಣಾ, ನನ್ನ ಕಾಲ ನೋಡಕೋತ ಒಂದೀಟ ಬಾರಸು" ಎಂದ ಸಿದ್ರಾಮ. ಲಗಮಣ್ಣ ಬಾರಿಸಿದ. ಆ ತಡೆಯುವಲ್ಲಿ ಎಡಮುಖದ ಮೇಲೆ ಅಂಗೈ ಒತ್ತಿ ದನಿಯನ್ನು ಹಿಡಿದಿಟ್ಟ, ಬಲಗಾಲು ಎದ್ದಾಗ ಬಿಟ್ಟ. "ಖರೇನ ತಾಳ ಐತ್ರಿ ಇದರಾಗ" ಅಂದ. ಮಾಸ್ತರರ ಛತ್ರಿ ತಾನಾಗಿಯೇ ನೆಲ ಕುಟ್ಟತೊಡಗಿತು.

ನಾನು ಒಳಗೆ ಓಡಿದೆ. ಅತ್ತಿ ಒಲೆಯ ಮುಂದೆ ಕೂತಿದ್ದಳು. ಮದ್ದಳೆಯಲ್ಲಿ ತನ್ನ ಕಾಲೇ ಕೇಳಿಸುತ್ತಿತ್ತು ಅವಳಿಗೆ. "ಯಾರ್ಯಾರು ನಗಾಕತ್ತಾರ?" ಎಂದು ಕೇಳಿದಳು. ಯಾರೂ ಇಲ್ಲ ಅಂದರೆ ನಂಬಲಿಲ್ಲ. ಯಾಕೆ ನಂಬಬೇಕು? ಆಟದಲ್ಲಿ ಮಂದಿಯನ್ನು ನಗಿಸಲು ಒಬ್ಬ ದಾಸಿ ಇರುತ್ತಾಳೆ, ಅವಳನ್ನು ಕುಂಟಿಸುವುದು ಎಲ್ಲ ಊರಲ್ಲೂ ಇತ್ತು. ಇನ್ನು ಇಡೀ ಊರು ಬಯಲಲ್ಲಿ ಕೂತು ತನ್ನ ಕಾಲು ನೋಡಿ ನಗುತ್ತದೆ ಎಂದು ಅವಳು ಗಟ್ಟಿ ಮಾಡಿಕೊಂಡಳು. ಅಂದಿನಿಂದ ತಾಲೀಮಿನ ಹೊತ್ತಿಗೆ ಅತ್ತಿ ಕೂತಲ್ಲಿಂದ ಏಳುವುದನ್ನೇ ಬಿಟ್ಟಳು. ನೋಡಿ ಕಲಿಯಲು ಅವಳು ಕಾಣದೆ, ಅತ್ತ ಸಿದ್ರಾಮನ ನಡಿಗೆಯೂ ದಿನದಿನಕ್ಕೆ ಕೆಡತೊಡಗಿತು.

ಕಡೆಗೆ ಅವನೇ ಮಜ್ಜಿಗೆ ಕೇಳುವ ನೆವ ಮಾಡಿ ಅಡಿಗೆಮನೆಯ ಹೊಸ್ತಿಲಿಗೆ ಬಂದ. "ಯಕ್ಕಾ, ನನ್ನ ಮ್ಯಾಲ ಸಿಟ್ಟ ಏನ್ರಿ?"

"ಊರ ನಗಸಾಕ ನನ್ನ ಕಾಲ ಬೇಕಾತೇನೋ ನಿನಗ?" ಅತ್ತಿ ತಿರುಗಿ ನೋಡಲಿಲ್ಲ.

"ದಾಸಿಗೆ ಅಲ್ರಿ ಯಕ್ಕಾ. ರಾಣಿಗೆ. ನೀವು ಎಡಗಾಲ ಊರಿ ತುಸು ತಡೀತೀರಲ್ಲ, ಆವಾಗ ನೋಡಾವ್ರು ನಿಮ್ಮ ಮುಂದಿನ ಹೆಜ್ಜಿ ಕಾಯಬೇಕಾಗತೈತಿ. ರಾಣಿ ಅಂದ್ರ ಮಂದಿ ಕಾಯಬೇಕಲ್ರಿ."

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು. ಅತ್ತಿ ಅದನ್ನು ತೆಗೆದಿಟ್ಟಳು, ಕೈ ಒರೆಸಿಕೊಂಡಳು. "ಹಂಗಾರ ತಪ್ಪ ನಡ್ಯಾಕತ್ತಿ. ಇಲ್ಲಿ ಕುಂತ ಬಾಗಲ ಸಂದ್ಯಾಗ ನೋಡೇನಿ, ನೀ ಸೊಂಟಾ ತಿರವತಿ. ನಾ ತಿರವೂದಿಲ್ಲ" ಎಂದು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿತ್ತಿಲ ಕಡೆ ಅಲ್ಲ, ನೇರ ಪಡಸಾಲೆಗೇ ನಡೆದಳು. ಅಪ್ಪ ಗಾಬರಿಯಾಗಿ ಎದ್ದು ನಿಂತ. ಲಗಮಣ್ಣ ಯಾರನ್ನೂ ಕೇಳದೆ ಬಾರಿಸತೊಡಗಿದ. ಈ ಗೋಡೆಯಿಂದ ಆ ಗೋಡೆಯವರೆಗೆ ನಮ್ಮ ಅತ್ತಿ ನಡೆದಳು. ಯಾವಾಗಲೂ ಹಿತ್ತಿಲಿಗೆ ಹೋಗುವ ಬೆನ್ನನ್ನಷ್ಟೇ ನೋಡಿದ್ದ ನಾನು ಅವತ್ತು ಮೊದಲ ಸಲ ಅವಳು ಎದುರಿನಿಂದ ನಡೆದು ಬರುವುದನ್ನು ನೋಡಿದೆ. ಎಷ್ಟು ಚೆಂದ ಇದ್ದಳು! ಮಾಸ್ತರರು ಬಾಯಿಯ ಎಲೆ ಉಗುಳಿ ಬಂದು, "ಇನ್ನೊಮ್ಮಿ ನಡೀರಿ ತಾಯಿ" ಎಂದರು. ಆಮೇಲೆ ಆಟದ ದಿನದವರೆಗೂ ಸಿದ್ರಾಮನಿಗೆ ಹಾಡು ಕಲಿಸಿದವರು ಅವರು, ನಡಿಗೆ ಕಲಿಸಿದವಳು ಇವಳು. ಬೈಯುವುದರಲ್ಲಿ ಅತ್ತಿ ಮಾಸ್ತರರಿಗಿಂತ ಒಂದು ಕೈ ಮೇಲಾಗಿದ್ದಳು.

ಈಗ ಆ ಮನೆ ಇಲ್ಲ, ಮಾಸ್ತರರಿಲ್ಲ, ಲಗಮಣ್ಣನಿಲ್ಲ. ನಾನು ಗಂಡನ ಮನೆಗೆ ಹೋದ ವರ್ಷವೇ ಅತ್ತಿ ಹೋದಳು. ಅವಳದೊಂದು ಫೋಟೋ ಸಹ ಇಲ್ಲ. ಮುಖ ನೆನೆಯಲು ಕೂತರೆ ಈಚೆಗೆ ಅವ್ವನ ಮುಖದೊಳಗೆ ಕಲೆತುಹೋಗುತ್ತದೆ, ಅದೇ ನನಗೆ ದೊಡ್ಡ ಸಂಕಟ. ಸಿದ್ರಾಮನೂ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಬೀಗರ ಮನೆಗೆಂದು ಹತ್ತರಗಿಗೆ ಹೋಗಿದ್ದೆ. ಸಂಜೆ ಸಾಲಿಯ ಬಯಲಲ್ಲಿ ಹುಡುಗರ ತಾಲೀಮು ನಡೆದಿತ್ತು. ಹಳೇ ಚಾಳಿ, ಹೋಗಿ ನಿಂತೆ. ರಾಣಿ ವೇಷದ ಹುಡುಗ ಎಡಗಾಲು ಊರಿದ, ತಡೆದ, ಬಲಗಾಲು ಎತ್ತಿದ. ಸೊಂಟ ತಿರುವಲಿಲ್ಲ. ಹತ್ತಿರ ಕರೆದು, "ಯಾಕಪ್ಪಾ, ರಾಣಿ ಹಂಗ್ಯಾಕ ನಡೀತಾಳ? ಕಾಲಿಗೆ ಏನರ ಆಗೇತೇನು?" ಎಂದು ಕೇಳಿದೆ. ಈ ಮುದುಕಿಗೆ ಆಟದ ಗಂಧವೇ ಇಲ್ಲ ಎನ್ನುವಂತೆ ಅವನು ನನ್ನನ್ನು ನೋಡಿದ. "ಏನೂ ಆಗಿಲ್ರಿ ಆಯಿ. ರಾಣಿ ನಡಿಯೂದ ಹಂಗ. ಮೊದಲಿಂದ ಹಂಗ ಐತಿ."

"ಹೌದಪ್ಪಾ" ಎಂದೆ. ಅಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತು, ಅವಳು ಇನ್ನೊಮ್ಮೆ ನಡೆದು ಬರುವುದನ್ನೇ ಕಾದೆ.